ಹನ್ನೊಂದು ನಿಮಿಷ ನಿಂತ ಯಂತ್ರ

ಯಂತ್ರ ನಿಲ್ಲಿಸಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ದಿನ ನನ್ನ ಬಾಯಿ ಬಿದ್ದುಹೋಗಿತ್ತು. ಬಾಯಿ ಬರುವಷ್ಟರಲ್ಲಿ ಒಬ್ಬ ಹೆಂಗಸಿನ ಕೆಲಸ ಹೋಗಿತ್ತು.

ನಾನು ಮಧುಗಿರಿಯ ಒಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಮೇಷ್ಟ್ರು. ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರ ವಿಜ್ಞಾನಿ, ನಾವೆಲ್ಲ ಬರೀ ಮೇಡಂ ಎಂದು ಕರೆಯುತ್ತಿದ್ದವರು, ತೂಕವೇ ಇಲ್ಲದ ಕಡೆ ಜೆಲ್ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ತಿಳಿಯಲು ಹೊರಟಿದ್ದರು. ಜೆಲ್ ಅಂದರೆ ದೊಡ್ಡ ವಿಷಯವೇನಲ್ಲ. ಮೊಸರು ಹೆಪ್ಪುಗಟ್ಟುತ್ತದಲ್ಲ, ಅದೂ ಜೆಲ್ಲೇ. ನೀರನ್ನು ಹಿಡಿದಿಟ್ಟುಕೊಂಡ ಪ್ರೋಟೀನಿನ ಬಲೆ. ನಮ್ಮದು ಕೊಲಾಜೆನ್ನಿನ ಬಲೆ. ಕೊಲಾಜೆನ್ ಅಂದರೆ ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿ ಇರುವ ಪ್ರೋಟೀನು. ತಣ್ಣಗಿನ ತೆಳು ಆಮ್ಲದಲ್ಲಿ ಅದು ಕರಗುತ್ತದೆ. ಆಮ್ಲದ ಹುಳಿ ತೆಗೆದು ಮೈ ಬಿಸಿಯಷ್ಟು ಶಾಖ ಕೊಟ್ಟರೆ ಎಳೆಗಳು ಒಂದನ್ನೊಂದು ಹುಡುಕಿಕೊಂಡು ಹೆಣೆದುಕೊಳ್ಳುತ್ತವೆ. ಅದಕ್ಕೆ ಮೂಳೆಯ ಖನಿಜದ ನುಣ್ಣನೆ ಪುಡಿ ಬೆರೆಸಿದರೆ, ಮುರಿದ ಮೂಳೆಯ ಸಂದಿಗೆ ತುಂಬುವ ವಸ್ತುವಾಗುತ್ತದೆ. ತೊಂದರೆ ಏನೆಂದರೆ ಬಲೆ ಬಿಗಿಯುವ ಮುಂಚೆಯೇ ಪುಡಿ ತಳಕ್ಕೆ ಇಳಿದುಬಿಡುತ್ತದೆ. ಕೆಳಗೆ ಗಟ್ಟಿ, ಮೇಲೆ ಪೊಳ್ಳು. ಬಾಹ್ಯಾಕಾಶದಲ್ಲಿ ಯಾವುದೂ ಕೆಳಗೆ ಇಳಿಯುವುದಿಲ್ಲವಲ್ಲ, ಅಲ್ಲಿ ಬಲೆ ಹೇಗಿರುತ್ತದೆ? ಅದೇ ಪ್ರಶ್ನೆ. ಅಲ್ಲಿಗೆ ಕಳಿಸಲು ಅರ್ಜಿ ಹಾಕಬೇಕೆಂದರೆ, ಮೊದಲು ನೆಲದ ಮೇಲೆ ಒಂದೇ ರೀತಿಯ ನಾಲ್ಕು ಫಲಿತಾಂಶ ಬೇಕಿತ್ತು.

ಭೂಮಿಯ ಮೇಲೆ ಕೂತುಕೊಂಡು ತೂಕವನ್ನೇ ಇಲ್ಲವಾಗಿಸಲು ಯಾರಿಂದಲೂ ಆಗುವುದಿಲ್ಲ. ಆದರೆ ತೂಕಕ್ಕೆ ಒಂದು ದಿಕ್ಕು ಸಿಗದ ಹಾಗೆ ಮಾಡಬಹುದು. ಒಂದು ಚೌಕಟ್ಟು, ಅದರೊಳಗೆ ಇನ್ನೊಂದು ಚೌಕಟ್ಟು, ನಟ್ಟನಡುವೆ ಹೆಬ್ಬೆರಳಿನಷ್ಟು ಡಬ್ಬಿ. ಎರಡು ಮೋಟಾರು ಎರಡು ಕಡೆಯಿಂದ ನಿಧಾನವಾಗಿ ತಿರುಗಿಸುತ್ತಿದ್ದರೆ ಡಬ್ಬಿಯೊಳಗಿನ ಪುಡಿಗೆ ಈಗ ಕೆಳಗೆ ಇದ್ದದ್ದು ಇನ್ನೊಂದು ಗಳಿಗೆಗೆ ಮೇಲೆ. ಇಳಿಯಲು ಹೋದರೆ ಇಳಿಯುವ ಕಡೆಯೇ ಬದಲಾಗಿರುತ್ತದೆ. ನಿಜವಾದ ತೂಕವಿಲ್ಲದ ಸ್ಥಿತಿ ಇದಲ್ಲ, ಅದರ ಬದಲಿಗೆ ನಾವು ಮಾಡಿಕೊಂಡ ಏರ್ಪಾಡು. ಹಳ್ಳಿಗಾಡಿನ ಕಾಲೇಜುಗಳಿಗೂ ಇಂಥ ಕೆಲಸ ಕೊಡಬೇಕೆಂದು ಮೇಡಂ ಹುಡುಕುತ್ತಿದ್ದಾಗ, ನಾನು ಮಾಡುತ್ತೇನೆ ಎಂದು ಎದೆ ತಟ್ಟಿಕೊಂಡು ಹೇಳಿದವನು ನಾನು.

ಚೌಕಟ್ಟು ಮಾಡಿಸಿದ್ದು ಕೊರಟಗೆರೆಯ ಲೇತ್ ಅಂಗಡಿಯಲ್ಲಿ. ಲೇತಿನವನು ನನ್ನ ಚಿತ್ರವನ್ನು ಉಲ್ಟಾ ಹಿಡಿದು, ಸುಲ್ಟಾ ಹಿಡಿದು ನೋಡಿದ.

“ಏನ್ ಸಾರ್ ಇದು? ತೊಟ್ಲಾ?”

“ಒಳಗಿರೋದಕ್ಕೆ ಮೇಲೆ ಯಾವ್ದು ಕೆಳಗೆ ಯಾವ್ದು ಅಂತ ಗೊತ್ತಾಗ್ಬಾರ್ದಪ್ಪ, ಅಷ್ಟೇ.”

“ಅಷ್ಟಕ್ಯಾಕ್ ಸಾರ್ ಮಿಷನ್ನು? ಪಾವಗಡ ಬಸ್ಸಿನ ಲಾಸ್ಟ್ ಸೀಟಲ್ಲಿ ಕೂರ್ಸ್ಬುಡಿ, ಗೊತ್ತಾಗಲ್ಲ.”

ಆದರೂ ಚೆನ್ನಾಗಿ ಮಾಡಿಕೊಟ್ಟ. ಶಾಖಕ್ಕೆ ಕೋಳಿಮೊಟ್ಟೆ ಮರಿ ಮಾಡುವ ಪೆಟ್ಟಿಗೆಯೇ ಆಯಿತು. ಅದರ ಬಿಸಿ ನಮಗೆ ಬೇಕಾದಷ್ಟೇ ಇರುತ್ತದೆ. ಕುರಿಯ ಕಾಲಿನ ಹಿಂಬದಿಯ ಬಿಳಿ ಸ್ನಾಯುರಜ್ಜು ಮಾತ್ರ ಶಿರಾದ ಮಟನ್ ಅಂಗಡಿಯಿಂದ ಬರಬೇಕಿತ್ತು. “ಅರೆ ಸಾಬ್, ಖಾಲಿ ನರ ತಗೊಂಡು ಏನ್ ಮಾಡ್ತೀರಿ? ಶೋರ್ಬಾ ಸಾರಿಗೂ ಬರಲ್ಲ ಅದು,” ಎಂದು ಅಂಗಡಿಯವರು ನಗುತ್ತಲೇ ಕಟ್ಟಿಕೊಟ್ಟರು. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ನನ್ನ ಹೆಂಡತಿ ಬಾಗಿಲಲ್ಲೇ ನಿಂತು, “ಆ ಡಬ್ಬಿ ಒಳಗೆ ಬಂತೋ, ನಾನು ಹೊರಗೆ ಹೋದೆ, ನೋಡ್ಕೊಳಿ” ಅಂದಳು. ಬಸ್ಸಿನ ಕಂಡಕ್ಟರು ಐಸ್ ಡಬ್ಬಿ ತೋರಿಸಿ ಇದೇನೆಂದು ಕೇಳಿದಾಗ ಲಸಿಕೆ ಎಂದೆ. ಸಣ್ಣ ಸುಳ್ಳುಗಳು ನನಗೆ ಆಗಲೂ ಸಲೀಸಾಗಿಯೇ ಬರುತ್ತಿದ್ದವು.

ತಂದದ್ದೇನೋ ಸರಿ, ಮುಟ್ಟಲು ಕೈ ಬರಲಿಲ್ಲ. ಇಕ್ಕಳದಲ್ಲಿ ಎತ್ತಿದರೆ ಜಾರುತ್ತದೆ, ಬೆರಳಲ್ಲಿ ಹಿಡಿಯಲು ಹೋದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ನಮ್ಮ ಲ್ಯಾಬಿನ ಅಟೆಂಡರ್ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು.

“ಅತ್ಲಾಗ್ ಸರೀರಿ ಸಾರ್. ನೀವ್ ಇಂಗೆ ಹಿಡ್ದ್ರೆ ಅದು ಸಂಕ್ರಾಂತಿಗೂ ಬಿಡಿಸ್ಕೊಳ್ಳಲ್ಲ.”

ಆಕೆ ಪಾವಗಡದ ಕಡೆ ಕ್ಯಾತಗಾನಚೆರ್ಲಿನವಳು. ಮೂವತ್ತೈದರ ಆಚೀಚೆ. ಊರಿನ ಹೊಲವನ್ನು ಸೋಲಾರ್ ವಿದ್ಯುತ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದರು. ಏಜೆನ್ಸಿಯೊಂದರ ಮೂಲಕ ನಮ್ಮಲ್ಲಿ ಹೊರಗುತ್ತಿಗೆ ಕೆಲಸ. ಒಂಬತ್ತನೇ ಕ್ಲಾಸಿನ ಮಗಳನ್ನು ಓದಿಸಿಕೊಂಡು ಮಧುಗಿರಿಯಲ್ಲೇ ಒಂದು ರೂಮು ಮಾಡಿಕೊಂಡಿದ್ದಳು. ಗಾಜಿನ ಸಾಮಾನು ತೊಳೆಯುವುದು, ಟೀ ತರುವುದು, ಬೀಗ ಹಾಕುವುದು ಆಕೆಯ ಕೆಲಸ. ಸ್ನಾಯುರಜ್ಜು ಬಿಡಿಸುವುದು, ಕತ್ತರಿಸುವುದು, ತಣ್ಣನೆಯ ಆಮ್ಲದಲ್ಲಿ ದಿನಗಟ್ಟಲೆ ನೆನೆಹಾಕಿ ಸೋಸುವುದು ಯಾರ ಪಟ್ಟಿಯಲ್ಲೂ ಇರಲಿಲ್ಲ. ಅದೂ ಆಕೆಯ ಪಾಲಿಗೆ ಬಂತು.

ನಿಜವಾದ ಕಷ್ಟ ಡಬ್ಬಿ ತುಂಬುವುದರಲ್ಲಿತ್ತು. ಕೊಲಾಜೆನ್ ದ್ರಾವಣದ ಹುಳಿ ತೆಗೆದ ಮೇಲೆ ಅದು ತಣ್ಣಗಿರುವಷ್ಟು ಹೊತ್ತು ಮಾತ್ರ ನಮ್ಮ ಮಾತು ಕೇಳುತ್ತದೆ. ಕೈಯ ಶಾಖ ತಾಗಿದರೂ ಎಳೆ ಕಟ್ಟಲು ಶುರು. ಡಬ್ಬಿಯಲ್ಲಿ ಸಾಸಿವೆಯಷ್ಟು ಗಾಳಿ ಉಳಿದರೂ, ಯಂತ್ರ ತಿರುಗುವಾಗ ಆ ಗುಳ್ಳೆ ಒಳಗೆಲ್ಲ ಓಡಾಡಿ ಬಲೆ ಹರಿಯುತ್ತದೆ. ನಾನು ಏಳು ಸಲ ತುಂಬಿದೆ. ಏಳೂ ಕೆಟ್ಟವು. ಪುಸ್ತಕದಲ್ಲಿ ಹೇಳಿದ್ದನ್ನೆಲ್ಲ ಮಾಡಿದ್ದೆ. ಪುಸ್ತಕಕ್ಕೆ ಮಧುಗಿರಿಯ ಸೆಕೆ ಗೊತ್ತಿರಲಿಲ್ಲ.

“ಒಂದ್ಕಿತ ನಾನ್ ನೋಡ್ಲಾ ಸಾರ್?” ಅಂದಳು.

ಸಿರಿಂಜು, ಡಬ್ಬಿ, ಮುಚ್ಚಳ ಎಲ್ಲವನ್ನೂ ಒಂದು ಮಣ್ಣಿನ ಮಡಕೆಯೊಳಗೆ ಐಸಿನ ಜೊತೆ ಇಟ್ಟು, ಮಡಕೆಗೆ ಒದ್ದೆ ಗೋಣಿ ಸುತ್ತಿದಳು. ಪುಡಿಯನ್ನು ಮೊದಲು ಒಂದೆರಡು ಹನಿಯಲ್ಲಿ ಕಲಸಿ, ಗಂಟು ಒಡೆದು, ಆಮೇಲೆ ಮಿಕ್ಕಿದ್ದನ್ನು ಸೇರಿಸಿದಳು. ಡಬ್ಬಿಯನ್ನು ಓರೆ ಮಾಡಿ, ಸಿರಿಂಜಿನ ತುದಿಯನ್ನು ಗೋಡೆಗೆ ತಾಗಿಸಿ, ನಡುವೆ ಎಲ್ಲೂ ನಿಲ್ಲಿಸದೆ ತುಂಬಿದಳು. ಮುಚ್ಚಳವನ್ನು ಮೇಲಿನಿಂದ ಒತ್ತಲಿಲ್ಲ, ಪಕ್ಕದಿಂದ ಜಾರಿಸಿದಳು. ಬೆಳಕಿಗೆ ಹಿಡಿದರೆ ಒಂದು ಗುಳ್ಳೆ ಇಲ್ಲ. ಅಬ್ಬಾ, ಕೈ ಅಂದರೆ ಕೈ!

ಹೀಗೆ ಮೂರು ಪ್ರಯೋಗ ಮುಗಿದವು. ಪ್ರತಿ ಸಲವೂ ಜೆಲ್ಲಿನ ಪಕ್ಕದಿಂದ ಒಂದು ತೆಳು ಚೂರು ಸೀಳಿ ನೋಡಿದೆ. ಮೇಜಿನ ಮೇಲೆ ಸುಮ್ಮನೆ ಇಟ್ಟ ಡಬ್ಬಿಯಲ್ಲಿ ಪುಡಿ ತಳ ಹಿಡಿಯಿತು, ಯಂತ್ರದಲ್ಲಿ ತಿರುಗಿದ ಡಬ್ಬಿಯಲ್ಲಿ ಮೇಲಿಂದ ಕೆಳಗಿನವರೆಗೆ ಸಮನಾಗಿ ಹರಡಿತ್ತು. ನಾನು ಕುಣಿದಾಡುವುದೊಂದು ಬಾಕಿ. ಲಾಗ್ ಪುಸ್ತಕದಲ್ಲಿ ‘ತುಂಬಿದವರು’ ಎಂಬ ಕಡೆ ನನ್ನ ಹೆಸರು ಬರೆದೆ. ಅಟೆಂಡರ್ ಹೆಸರನ್ನು ಅಂಥ ಕಡೆ ಯಾರು ಬರೆಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆಕೆ ಪಕ್ಕದಲ್ಲೇ ಸಿರಿಂಜು ತೊಳೆಯುತ್ತಿದ್ದಳು.

ನಾಲ್ಕನೆಯದು ಉಳಿದಿತ್ತು. ದಸರಾ ರಜೆ ಮುಗಿದ ಕೂಡಲೇ ಮೇಡಂ ಬಂದು ನಾಲ್ಕೂ ಡಬ್ಬಿಗಳನ್ನು ಕತ್ತರಿಸಿ ನೋಡುವುದೆಂದು ನಿಗದಿಯಾಗಿತ್ತು. ದ್ರಾವಣ ಹಳೆಯದಾಗುತ್ತಿತ್ತು, ರಜೆ ಮುಗಿಯುವವರೆಗೆ ಇಟ್ಟರೆ ಕೆಡುತ್ತಿತ್ತು. ಹಾಗಾಗಿ ರಜೆಗೆ ಹಿಂದಿನ ದಿನ, ಕಾಲೇಜಿನಲ್ಲಿ ಆಯುಧಪೂಜೆ ಇಟ್ಟುಕೊಂಡ ದಿನವೇ, ಬೆಳಿಗ್ಗೆ ಪ್ರಯೋಗ ಶುರು ಮಾಡಿದೆ. ಲ್ಯಾಬುಗಳ ಪೂಜೆ ಮಧ್ಯಾಹ್ನಕ್ಕೆ ಎಂದಿದ್ದರು. ಅಷ್ಟರಲ್ಲಿ ಮುಗಿಯುತ್ತದೆ ಎಂದು ನನ್ನ ಎಣಿಕೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಆಕೆ ಡಬ್ಬಿ ತುಂಬಿ ಕೊಟ್ಟಳು, ನಾನು ಚೌಕಟ್ಟಿಗೆ ಸಿಕ್ಕಿಸಿ ಸ್ವಿಚ್ಚು ಹಾಕಿದೆ.

ಹತ್ತೂ ಇಪ್ಪತ್ತಕ್ಕೆ ಪಕ್ಕದ ಭೌತಶಾಸ್ತ್ರದ ಲ್ಯಾಬಿನಲ್ಲಿ ಜಾಗಟೆ ಕೇಳಿಸಿತು. ಪೂಜೆಯವರು ಬೇಗ ಬಂದುಬಿಟ್ಟಿದ್ದರು. ಮುಂದಿನ ಬಾಗಿಲು ನಮ್ಮದು.

ನಮ್ಮಪ್ಪನದು ಹಿಟ್ಟಿನ ಗಿರಣಿ. ಆಯುಧಪೂಜೆಯ ದಿನ ಬೆಲ್ಟು ಬಿಚ್ಚಿ, ಕಲ್ಲು ತೊಳೆದು, ವಿಭೂತಿ ಹಚ್ಚಿದರೆ ಮಾರನೇ ದಿನದವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ತಿರುಗುತ್ತಿರುವ ಯಂತ್ರಕ್ಕೆ ಕುಂಕುಮ ಇಡುವುದನ್ನು ನಾನು ಹುಟ್ಟಿದಾಗಿನಿಂದ ಕಂಡವನಲ್ಲ. ಕ್ಲಾಸಿನಲ್ಲಿ ಮೂಢನಂಬಿಕೆಯ ಬಗ್ಗೆ ಗಂಟೆಗಟ್ಟಲೆ ಕೊರೆಯುವ ನನ್ನ ಕೈ, ಜಾಗಟೆ ಹತ್ತಿರ ಬಂದ ಹಾಗೆ, ತಾನಾಗಿಯೇ ಸ್ವಿಚ್ಚಿನ ಕಡೆ ಹೋಯಿತು.

“ಸಾರ್, ನಿಲ್ಸ್ಬ್ಯಾಡಿ!” ಆಕೆ ಮಡಕೆ ಕೆಳಗಿಟ್ಟು ಹತ್ತಿರ ಬಂದಳು. “ಈಗ್ಲೇ ಅದು ಕಟ್ಕಣೋ ಟೈಮು. ಕುಂಕುಮ ಆಮ್ಯಾಕಿಟ್ರಾಯ್ತು. ನಾನ್ ಹೋಗಿ ಅವ್ರನ್ನ ಬಾಟನಿ ಲ್ಯಾಬ್‌ಗೆ ಕರ್ಕೊಂಡೋಗ್ಲಾ?”

“ಎರಡು ನಿಮಿಷ ಕಣಮ್ಮ. ಏನಾಗಲ್ಲ.”

ನಿಲ್ಲಿಸಿದೆ. ಒಳಚೌಕಟ್ಟು ಓರೆಯಾಗಿ ನಿಂತಿತು. ಜನ ಬಂದರು. ವಿಭೂತಿ ಪಟ್ಟೆ, ಕುಂಕುಮ, ಸೇವಂತಿಗೆ, ಮಂಗಳಾರತಿ, ಆಮೇಲೆ ಕಡ್ಲೆಪುರಿ. ಆಫೀಸಿನವರೊಬ್ಬರು ನಿಂತು ಸಂಬಳದ ಅರಿಯರ್ಸ್ ಬಗ್ಗೆ ಮಾತು ತೆಗೆದರು. ಆಕೆ ಗೋಡೆ ಗಡಿಯಾರವನ್ನೇ ನೋಡುತ್ತಾ ಮೂಲೆಯಲ್ಲಿ ನಿಂತಿದ್ದಳು. ಅವರು ಹೋದ ಮೇಲೆ ನಾನು ಮತ್ತೆ ಸ್ವಿಚ್ಚು ಹಾಕಿದಾಗ, “ಹನ್ನೊಂದು ನಿಮಿಷ ಆಯ್ತು ಸಾರ್” ಅಂದಳು, ಅಷ್ಟೇ. ಲಾಗಿನಲ್ಲಿ ನಾನು ‘ನಿರಂತರ ಚಾಲನೆ’ ಎಂದು ಬರೆದೆ. ಕೊಲಾಜೆನ್ ಕಟ್ಟಿಕೊಂಡ ಮೇಲೆ ಬೆಳ್ಳಗಾಗುತ್ತದೆ, ಹೊರಗಿನಿಂದ ಒಳಗಿನ ಪುಡಿ ಕಾಣುವುದಿಲ್ಲ. ಈ ಸಲ ಚೂರು ಸೀಳಿ ನೋಡುವ ಗೋಜಿಗೂ ಹೋಗದೆ, ಕಾಣದಿದ್ದದ್ದು ಚೆನ್ನಾಗಿಯೇ ಇರಬಹುದು ಎಂದುಕೊಂಡು ರಜೆಗೆ ಹೋದೆ.

ರಜೆ ಮುಗಿದು ಮೇಡಂ ಬಂದರು. ಕಪ್ಪು ಕಾಗದದ ಮೇಲೆ ಒಂದೊಂದೇ ಜೆಲ್ ಇಟ್ಟು, ಬ್ಲೇಡಿನಿಂದ ಸೀಳಿ, ಫೋಟೋ ತೆಗೆದುಕೊಳ್ಳುತ್ತಿದ್ದರು. ಮೊದಲ ಮೂರಕ್ಕೆ ತಲೆಯಾಡಿಸಿದರು. ಪ್ರಿನ್ಸಿಪಾಲರು ಪಕ್ಕದಲ್ಲಿ ನಿಂತು ಎಲ್ಲಾ ತಮ್ಮದೇ ಕೆಲಸವೆಂಬಂತೆ ನಗುತ್ತಿದ್ದರು. ನಾಲ್ಕನೆಯದನ್ನು ಸೀಳಿದಾಗ ಒಂದು ಬದಿಯಲ್ಲಿ, ಓರೆಯಾಗಿ, ಸುಣ್ಣದಷ್ಟು ಬೆಳ್ಳನೆಯ ಪಟ್ಟೆ. ಪುಡಿ ಅಲ್ಲಿ ಬಂದು ಕೂತಿತ್ತು. ಚೌಕಟ್ಟು ಎಷ್ಟು ಓರೆಯಲ್ಲಿ ನಿಂತಿತ್ತೋ ಅಷ್ಟೇ ಓರೆ.

“ಇದು ನಿಂತಿತ್ತು,” ಮೇಡಂ ತಲೆ ಎತ್ತಲೂ ಇಲ್ಲ. “ಕಟ್ಟಿಕೊಳ್ಳುವ ಹೊತ್ತಿನಲ್ಲೇ ನಿಂತಿದೆ. ಲಾಗಿನಲ್ಲಿ ನಿರಂತರ ಅಂತಿದೆಯಲ್ಲ?”

ಅಷ್ಟು ಹೊತ್ತಿಗೆ ಅಟೆಂಡರ್ ಟೀ ತಟ್ಟೆ ಹಿಡಿದು ಒಳಗೆ ಬಂದಿದ್ದಳು. ನನಗೆ ಒಂದೇ ಒಂದು ವಾಕ್ಯ ಸಾಕಿತ್ತು. ಪೂಜೆಗೆಂದು ನಾನು ನಿಲ್ಲಿಸಿದೆ ಎಂದು ಈ ವಿಜ್ಞಾನಿಯ ಮುಂದೆ ಹೇಗೆ ಹೇಳುವುದು? ನಾಚಿಕೆಯಾಯಿತು. ಲಾಗಿನಲ್ಲಿ ಸುಳ್ಳು ಬರೆದದ್ದು ಗೊತ್ತಾದರೆ ಯಂತ್ರವೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ ಎಂದು ಹೆದರಿಕೆಯೂ ಆಯಿತು. ನನ್ನ ಬಾಯಿಂದ ಬಂದದ್ದು ಇದು:

“ಅವತ್ತು ಪೂಜೆ ಇತ್ತು ಮೇಡಂ. ನಾನು ಆಚೆ ಹೋದಾಗ ಅಟೆಂಡರ್ ಏನಾದ್ರೂ ಆಫ್ ಮಾಡಿರಬಹುದು. ಇವರಿಗೆಲ್ಲ ತಿಳುವಳಿಕೆ ಇರಲ್ಲ ನೋಡಿ.”

“ಏನಮ್ಮಾ, ನೀನಾ ನಿಲ್ಲಿಸಿದ್ದು?” ಪ್ರಿನ್ಸಿಪಾಲರು ಗದರಿದರು.

ಆಕೆ ತಟ್ಟೆ ಕೆಳಗಿಟ್ಟಳು. ನನ್ನ ಮುಖವನ್ನು ನೋಡಿದಳೋ ಏನೋ, ನಾನು ಜೆಲ್ಲನ್ನೇ ನೋಡುತ್ತಿದ್ದೆ. “ಸಾರ್ ಹೇಳಿದ್ರಲ್ಲ,” ಅಂದು ಹೊರಗೆ ಹೋದಳು.

ಪ್ರಿನ್ಸಿಪಾಲರಿಗೆ ಬೆಂಗಳೂರಿನವರ ಮುಂದೆ ಶಿಸ್ತು ತೋರಿಸಬೇಕಿತ್ತು. ಮಾರನೇ ದಿನವೇ ಏಜೆನ್ಸಿಗೆ ಪತ್ರ ತಯಾರಾಯಿತು: ಅನುಮತಿಯಿಲ್ಲದೆ ಪೂಜೆಗಾಗಿ ಸಂಶೋಧನಾ ಯಂತ್ರ ನಿಲ್ಲಿಸಿ ನಷ್ಟ ಉಂಟುಮಾಡಿದ್ದರಿಂದ ಈಕೆಯ ಸೇವೆ ಬೇಡ, ಬೇರೆ ಕಡೆಯೂ ಇಂಥವರನ್ನು ನೇಮಿಸಬಾರದು. ವಿಭಾಗದ ಮುಖ್ಯಸ್ಥರ ಸಹಿ ಎಂದು ಒಂದು ಗೆರೆ. ಮುಖ್ಯಸ್ಥ ನಾನೇ, ಆ ಗೆರೆಯ ಮೇಲೆ ಸಹಿ ಹಾಕಿದೆ. ಬೇಡ ಸಾರ್, ಎಚ್ಚರಿಕೆ ಕೊಟ್ಟು ಬಿಡೋಣ ಎಂದು ಒಂದು ಸಲ ಗೊಣಗಿದ್ದೆ. ಅದನ್ನೇ ದೊಡ್ಡ ಉಪಕಾರ ಎಂದು ಎರಡು ದಿನ ಸಮಾಧಾನ ಮಾಡಿಕೊಂಡೆ. ಥೂ, ಮನುಷ್ಯ ತನ್ನನ್ನು ತಾನು ಎಷ್ಟು ಕಡಿಮೆಗೆ ಒಪ್ಪಿಸಿಕೊಳ್ಳುತ್ತಾನೆ!

ನನ್ನ ಸುಳ್ಳು ಚೆನ್ನಾಗಿಯೇ ಕೆಲಸ ಮಾಡಿತು. ಹೊರಗಿನ ಕಾರಣದಿಂದ ಕೆಟ್ಟದ್ದಾದರೆ ನಾಲ್ಕನೆಯದನ್ನು ಬಿಟ್ಟು, ಇನ್ನೊಂದು ಮಾಡಿ ಕಳಿಸಿ ಎಂದು ಮೇಡಂ ಬರೆದರು. ಮತ್ತೆ ಶಿರಾ, ಮತ್ತೆ ಐಸ್ ಡಬ್ಬಿ. ಅಟೆಂಡರ್ ಜಾಗಕ್ಕೆ ಚನ್ನರಾಯನದುರ್ಗದ ಕಡೆಯ ಇನ್ನೊಬ್ಬಳು ಬಂದಿದ್ದಳು. ಪಾಪ, ಆಕೆ ಸ್ನಾಯುರಜ್ಜು ನೋಡಿದ ಕೂಡಲೇ ಸೆರಗು ಮುಚ್ಚಿಕೊಂಡು ಓಡಿದಳು. ಎಲ್ಲವನ್ನೂ ನಾನೇ ಮಾಡಿದೆ. ಮಡಕೆ ತಂದೆ, ಗೋಣಿ ಸುತ್ತಿದೆ, ಐಸು ತುಂಬಿದೆ. ಮೊದಲನೆಯದರಲ್ಲಿ ಗುಳ್ಳೆ. ಎರಡನೆಯದು ಸಿರಿಂಜಿನಲ್ಲೇ ಗಟ್ಟಿಯಾಯಿತು. ಮೂರನೆಯದರಲ್ಲಿ ಪುಡಿ ಗಂಟು ಗಂಟು. ಹೀಗೆ ಮೂರು ವಾರ. ಆಕೆ ಮಾಡುವಾಗ ನಾನು ನೋಡಿದ್ದೆ ಎಂದುಕೊಂಡಿದ್ದೆನಲ್ಲ, ನಿಜವಾಗಿ ಏನನ್ನೂ ನೋಡಿರಲಿಲ್ಲ.

ಒಂದು ಭಾನುವಾರ ಪಾವಗಡದ ಬಸ್ಸು ಹತ್ತಿದೆ. ಕ್ಷಮೆ ಕೇಳಲು ಹೋಗುತ್ತಿದ್ದೇನೆ ಎಂದು ಹೆಂಡತಿಗೆ ಹೇಳಿದೆ. ಅದು ಅರ್ಧ ನಿಜ. ಜೇಬಿನಲ್ಲಿ ಒಂದು ಖಾಲಿ ಡಬ್ಬಿಯೂ ಸಿರಿಂಜೂ ಇದ್ದವು.

ಕ್ಯಾತಗಾನಚೆರ್ಲಿಗೆ ಹೋಗುವ ದಾರಿಯುದ್ದಕ್ಕೂ ಸೋಲಾರ್ ಹಲಗೆಗಳು. ಮನೆ ಕೇಳಿಕೊಂಡು ಹೋದೆ. ಆಕೆಯ ಅತ್ತೆ ಜಗುಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು.

“ಎವರೇ ಅದಿ?” ಯಾರದು ಎಂದು ತೆಲುಗಿನಲ್ಲಿ ಒಳಗೆ ಕೂಗಿದರು.

“ಕಾಲೇಜು ಸಾರು ಅತ್ತಾ,” ಆಕೆ ಒಳಗಿನಿಂದ ಇಣುಕಿ ಹೇಳಿದಳು.

“ಪನಿಲೋಂಚಿ ತೀಸೇಸಿನ ಸಾರೇನಾ?”

ಕೆಲಸದಿಂದ ತೆಗೆದ ಸಾರೇನಾ ಎಂದು ಕೇಳಿದ್ದು ಅರ್ಥವಾಗದಷ್ಟು ತೆಲುಗು ಬಾರದವನಲ್ಲ ನಾನು. ಆಕೆ ಹೊರಗೆ ಬಂದು ಚಾಪೆ ಹಾಸಿದಳು. ನೀರು ಕೊಟ್ಟಳು. ಕೈತುಂಬಾ ಗೀರು, ಹಲಗೆಗಳ ಕೆಳಗೆ ಹುಲ್ಲು ಕೀಳುವ ಕೆಲಸಕ್ಕೆ ಹೋಗುತ್ತಿದ್ದೇನೆ ಅಂದಳು. ಮಧುಗಿರಿಯ ರೂಮು ಬಿಟ್ಟಾಗಿತ್ತು, ಮಗಳು ಈಗ ಇಲ್ಲಿಂದಲೇ ಬಸ್ಸಿನಲ್ಲಿ ಪಾವಗಡದ ಶಾಲೆಗೆ. ವರ್ಷದ ಮಧ್ಯದಲ್ಲಿ ಶಾಲೆ ಬದಲಾಯಿಸಿದ್ದಕ್ಕೆ ಆ ಹುಡುಗಿ ಇನ್ನೂ ಅಮ್ಮನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲವಂತೆ.

ಗೋಡೆಯ ಮೇಲೆ ಬುದ್ಧನ ಪಟವಿತ್ತು. ದೇವರ ಗೂಡು, ದೀಪ, ಕುಂಕುಮದ ಬಟ್ಟಲು ಯಾವುದೂ ಕಾಣಲಿಲ್ಲ. ನಾನು ನೋಡುವುದನ್ನು ಆಕೆ ನೋಡಿದಳು.

“ನಮ್ಮನೇಲಿ ಪೂಜೆ ಬುಟ್ಟು ಬೋ ವರ್ಷ ಆಯ್ತು ಸಾರ್. ನಮ್ಮ ಮಾವ ಬುಡ್ಸಿದ್ರು. ಪೂಜೆಗೆ ಮಿಷನ್ ನಿಲ್ಸಿದ್ಲು ಅಂತ ಕಾಗ್ದದಾಗೆ ಬರ್ದಿತ್ತಲ್ಲ, ಅದ್ನ ಓದಿ ನಮ್ಮನೆಯೋರು ಮೊದ್ಲು ನಕ್ಕುಬುಟ್ರು.” ನೀರಿನ ಲೋಟ ಎತ್ತಿ ಪಕ್ಕಕ್ಕಿಟ್ಟಳು. “ಆಮ್ಯಾಕೆ ನಗ್ಲಿಲ್ಲ.”

ನನ್ನ ಮುಖಕ್ಕೆ ರಕ್ತ ನುಗ್ಗಿತು. ಎರಡು ವರ್ಷ ನನ್ನ ಲ್ಯಾಬಿನಲ್ಲಿ ಕೆಲಸ ಮಾಡಿದ ಹೆಂಗಸು. ಪೂಜೆಯ ದಿನ ಆಕೆ ಯಾಕೆ ಮೂಲೆಯಲ್ಲಿ ನಿಂತಿದ್ದಳು, ಆರತಿಗೆ ಯಾಕೆ ಕೈ ಚಾಚಲಿಲ್ಲ ಎಂದು ನಾನು ಯೋಚಿಸಿಯೇ ಇರಲಿಲ್ಲ.

“ತಪ್ಪು ನನ್ನದಮ್ಮ,” ಅಂದೆ. “ನಾನೇ ನಿಲ್ಲಿಸಿದ್ದು. ನೀನು ಬೇಡ ಅಂದಿದ್ದೆ. ನಿನ್ನ ಮೇಲೆ ಹಾಕಿಬಿಟ್ಟೆ. ನನ್ನನ್ನು ಕ್ಷಮಿಸು.”

“ಅದು ನಂಗೊತ್ತಲ್ಲ ಸಾರ್.”

“ಆದರೂ ಬಂದು ಹೇಳಬೇಕು ಅನ್ನಿಸಿತು.”

“ಗೊತ್ತಿರೋಳಿಗೆ ಹೇಳಕ್ಕೆ ಮಧುಗಿರಿಯಿಂದ ಇಲ್ಲಿಗ್ ಬಂದ್ರಾ? ಗೊತ್ತಿಲ್ದೋರು ಅಲ್ಲೇ ಅವ್ರೆ. ಅವರ್ಗೆ ಹೇಳಿ.” ಆಮೇಲೆ ನನ್ನ ಜೇಬಿನಿಂದ ಇಣುಕುತ್ತಿದ್ದ ಸಿರಿಂಜಿನ ಕಡೆ ಕಣ್ಣು ಹಾಯಿಸಿ ಕೇಳಿದಳು, “ನಿಜ ಹೇಳಿ ಸಾರ್. ತಪ್ಪಾಯ್ತು ಅನ್ನಕ್ ಬಂದ್ರೋ, ಡಬ್ಬಿ ತುಂಬೋದ್ ಕೇಳಕ್ ಬಂದ್ರೋ?”

“ಎರಡಕ್ಕೂ,” ಅಂದೆ. ಆ ಮನೆಯಲ್ಲಿ ಇನ್ನೊಂದು ಸುಳ್ಳು ಹೇಳುವ ಧೈರ್ಯ ಬರಲಿಲ್ಲ.

ಆಕೆ ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿ ಕೊಡಿ ಎಂದು ಕೈ ಚಾಚಿದಳು. ಸಿರಿಂಜಿಗೆ ನೀರು ತುಂಬಿ, ನಿಧಾನವಾಗಿ, ಮಕ್ಕಳಿಗೆ ತೋರಿಸುವ ಹಾಗೆ ತೋರಿಸಿದಳು. “ಇಲ್ನೋಡಿ, ಮೊದಲ್ನೇ ಹನಿ ಹೊರಗ್ ಬುಡ್ಬೇಕು, ಅದ್ರಾಗೇ ಗಾಳಿ ಇರ್ತದೆ. ನೀವು ವೇಸ್ಟ್ ಆಯ್ತದೆ ಅಂತ ಅದ್ನೂ ಒಳಗೇ ಹಾಕ್ತೀರ. ಮತ್ತೆ ಉಸಿರು ಬಿಗಿ ಹಿಡೀತೀರ, ಕೈ ನಡುಗ್ತದೆ. ಉಸಿರಾಡ್ಕೊಂಡ್ ತುಂಬಿ.” ಇಷ್ಟೇ ಇತ್ತು ಗುಟ್ಟು. ಬಚ್ಚಿಟ್ಟುಕೊಳ್ಳಬಹುದಿತ್ತು, ಬಚ್ಚಿಡಲಿಲ್ಲ. ಕೊಟ್ಟ ಟೀ ಕುಡಿದು ಎದ್ದೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಈಗ ಡಬ್ಬಿ ತುಂಬುವುದು ಗೊತ್ತು. ನಾಲ್ಕನೆಯದು ಮಾಡಿ ಕಳಿಸಬಹುದು, ಅರ್ಜಿ ಹೋಗುತ್ತದೆ, ನನ್ನ ಹೆಸರೂ ಇರುತ್ತದೆ. ಆಕೆಗೆ ಬೇರೆ ಎಲ್ಲಾದರೂ ಕೆಲಸ ಕೊಡಿಸುವ ಪ್ರಯತ್ನ ಮಾಡಿದರಾಯಿತು. ಮಧುಗಿರಿ ಬೆಟ್ಟ ಕಾಣುವವರೆಗೂ ನನ್ನ ತಲೆ ಇಂಥ ಉಪಾಯಗಳನ್ನೇ ಹೆಣೆಯುತ್ತಿತ್ತು. ಗೊತ್ತಿಲ್ಲದವರಿಗೆ ಹೇಳಿ ಎಂದ ಮಾತು ಮಾತ್ರ ಯಾವ ಉಪಾಯದೊಳಗೂ ಕೂರಲಿಲ್ಲ. ಬಸ್ಸಿಳಿದವನು ಮನೆಗೆ ಹೋಗದೆ ಕಾಲೇಜಿಗೆ ಹೋಗಿ, ವಾಚ್‌ಮನ್ ಕೈಯಲ್ಲಿ ಬಾಗಿಲು ತೆಗೆಸಿ, ಪತ್ರ ಬರೆಯಲು ಕೂತೆ. ಎರಡು ಪುಟವಾಯಿತು. ನಮ್ಮಪ್ಪನ ಗಿರಣಿ, ರೂಢಿ, ಸಂದರ್ಭ, ಮಾನಸಿಕ ಒತ್ತಡ, ಏನೇನೋ ಸೇರಿಸಿದ್ದೆ. ಯಂತ್ರ ನಿಲ್ಲಿಸಿದವನು ನಾನು ಎಂಬ ಮಾತು ಎರಡನೇ ಪುಟದಲ್ಲಿ ಬಂತು. ಪ್ರಿನ್ಸಿಪಾಲರಿಗೊಂದು, ಏಜೆನ್ಸಿಗೊಂದು, ಮೇಡಂಗೊಂದು ಪ್ರತಿ.

ಪ್ರಿನ್ಸಿಪಾಲರು ಓದಿ ಕನ್ನಡಕ ತೆಗೆದರು. “ಏನ್ರೀ, ತಲೆ ಕೆಟ್ಟಿದೆಯೇನ್ರೀ ನಿಮಗೆ? ಮುಗಿದುಹೋದ ವಿಷಯ. ಒಬ್ಬ ಅಟೆಂಡರ್‌ಗೋಸ್ಕರ ಕಾಲೇಜಿನ ಹೆಸರು ಕೆಡಿಸ್ತೀರಾ?”

“ಕೆಟ್ಟಿರೋದು ನನ್ನ ಹೆಸರು ಸಾರ್, ಕಾಲೇಜಿನದಲ್ಲ. ಆ ಕಾಗದ ವಾಪಸ್ ತಗೊಳ್ಳಿ.”

ಹತ್ತು ದಿನ ಅಲೆದಾಡಿಸಿ, ಕೊನೆಗೆ ಏಜೆನ್ಸಿಗೆ ಬರೆದ ಪತ್ರ ಹಿಂದಕ್ಕೆ ತೆಗೆದುಕೊಂಡರು. ಆಕೆಯ ಹೆಸರಿನ ಮೇಲಿದ್ದ ಕಪ್ಪು ಗೆರೆ ಹೋಯಿತು, ಕೆಲಸ ಮಾತ್ರ ಬರಲಿಲ್ಲ. ಚನ್ನರಾಯನದುರ್ಗದವಳನ್ನು ತೆಗೆದು ಈಕೆಯನ್ನು ಹಾಕಿ ಎನ್ನಲು ನನಗೆ ಯಾವ ಬಾಯಿತ್ತು?

ಮೇಡಂ ಫೋನ್ ಮಾಡಿದರು. ಬೈಯುವ ಜಾತಿಯವರಲ್ಲ ಅವರು.

“ಒಂದು ಲಾಗಿನಲ್ಲಿ ಸುಳ್ಳು ಬರೆದಿದ್ದೀರಿ. ಮಿಕ್ಕ ಮೂರನ್ನು ನಾನು ಹೇಗೆ ನಂಬಲಿ?”

“ಆ ಮೂರೂ ನಿಜ ಮೇಡಂ. ಆದರೆ ತುಂಬಿದ್ದು ನಾನಲ್ಲ. ಅಲ್ಲೂ ಸುಳ್ಳು ಬರೆದಿದ್ದೇನೆ. ಮೂರನ್ನೂ ತುಂಬಿದ್ದು ಆಕೆ.”

ನಾಲ್ಕೂ ಪ್ರಯೋಗ ರದ್ದು ಎಂದರು. ಆ ಸಲದ ಅರ್ಜಿ ತಪ್ಪಿತು. ಯಂತ್ರವನ್ನು ಬೆಂಗಳೂರಿಗೆ ಕಳಿಸಿಕೊಡಿ, ನೀವು ಇದರಲ್ಲಿ ಇನ್ನು ಇರುವುದು ಬೇಡ ಎಂದರು. ಕೊನೆಗೆ, “ಆ ಹೆಂಗಸಿನ ನಂಬರ್ ಕೊಡಿ” ಅಂದರು.

ಯಂತ್ರವನ್ನು ಗೋಣಿಯಲ್ಲಿ ಸುತ್ತಿ ನಾನೇ ಗೂಡ್ಸ್ ಆಟೋಗೆ ಏರಿಸಿದೆ. ಚೌಕಟ್ಟಿನ ಮೂಲೆಯಲ್ಲಿ ಇನ್ನೂ ವಿಭೂತಿ ಅಂಟಿತ್ತು.

ಆಕೆ ಬೆಂಗಳೂರಿಗೆ ಹೋದದ್ದು ನನಗೆ ತಿಳಿದದ್ದು ಆಮೇಲೆ. ಮೊದಲು ಆಗಲ್ಲ ಅಂದಿದ್ದಳಂತೆ. ಮಗಳ ಪರೀಕ್ಷೆ ಮುಗಿದ ಮೇಲೆ, ತುಂಬುವವರ ಜಾಗದಲ್ಲಿ ತನ್ನ ಹೆಸರೇ ಬರೆಯುವುದಾದರೆ ಬರುತ್ತೇನೆ ಎಂದಳಂತೆ. ಪ್ರಯೋಗಕ್ಕೆಂದು ಮೊದಲು ಅಲ್ಲಿ ಒಂದೂವರೆ ತಿಂಗಳು ಇದ್ದಳು. ಈಗ ಅಲ್ಲೇ ವರ್ಷಕ್ಕೊಮ್ಮೆ ನವೀಕರಿಸುವ ತಾಂತ್ರಿಕ ಸಹಾಯಕಿ ಕೆಲಸದಲ್ಲಿದ್ದಾಳೆ, ಮಗಳೂ ಜೊತೆಗಿದ್ದಾಳೆ. ನನ್ನನ್ನು ಕೇಳಿದರೆ ಈ ಒಳ್ಳೆಯ ಸುದ್ದಿಯಿಂದ ನನ್ನ ಪಾಪವೇನೂ ಕಳೆಯಲಿಲ್ಲ. ಅದು ಆಕೆಯ ಕೈ ಸಂಪಾದಿಸಿದ್ದು, ನಾನು ಕೊಡಿಸಿದ್ದಲ್ಲ.

ಹೊಸ ನಾಲ್ಕು ಫಲಿತಾಂಶ ಸರಿಬಂದಾಗ ಮೇಡಂ ನನಗೂ ಒಂದು ಪ್ರತಿ ಕಳಿಸಿದ್ದರು. ಚಿತ್ರಗಳಲ್ಲಿ ನಾಲ್ಕೂ ಜೆಲ್ಲುಗಳು ಸೀಳಿದಲ್ಲೆಲ್ಲ ಒಂದೇ ಬಿಳುಪು, ಎಲ್ಲೂ ಪಟ್ಟೆಯಿಲ್ಲ. ಜೊತೆಗೆ ಲಾಗ್ ಪುಸ್ತಕದ ಪುಟಗಳ ಫೋಟೋ. ನಾಲ್ಕು ಇರಬೇಕಾದ ಕಡೆ ಐದು ಪ್ರಯೋಗಗಳಿದ್ದವು. ಮೂರನೆಯದರ ಎದುರು ದುಂಡು ದುಂಡಾದ ಅಕ್ಷರದಲ್ಲಿ ಹೀಗೆ ಬರೆದಿತ್ತು:

‘ನನ್ನ ಮೊಣಕೈ ತಾಗಿ ವೈರು ಕಿತ್ತುಬಂತು. ನಾಲ್ಕು ನಿಮಿಷ ನಿಂತಿತ್ತು. ತಪ್ಪು ನನ್ನದು. ಈ ಡಬ್ಬಿ ಲೆಕ್ಕಕ್ಕೆ ತಗೋಬೇಡಿ.’

ಕೆಳಗೆ ಆಕೆಯ ಪೂರ್ತಿ ಹೆಸರು.

ನಾನು ಮೇಡಂಗೆ ಫೋನ್ ಮಾಡಿದೆ. ಫಲಿತಾಂಶದ ಬಗ್ಗೆ ಎರಡು ಮಾತಾಡಿ, ಆ ಮೂರನೆಯದರ ಬಗ್ಗೆ ಕೇಳಿದೆ. ಇದನ್ನು ಬರೆಯುವ ಮುಂಚೆ ಆಕೆ ಎಷ್ಟು ದಿನ ತೆಗೆದುಕೊಂಡಳು ಎಂದೆ.

“ಎಷ್ಟು ದಿನ ಅಂದ್ರೆ?” ಮೇಡಂಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ವೈರು ಸಿಕ್ಕಿಸಿದರು, ಪೆನ್ನು ತಗೊಂಡರು, ಬರೆದರು.”